ಹಳ್ಳದಲ್ಲಿ ಹರಿಯುವುದು ಯಾವ ಮಳೆಯ ನೀರು?

ಕೇಳುಗರಿಗೆ ನಮಸ್ಕಾರ.

ವಾರಗಟ್ಟಲೆ ಮಳೆಯ ಸುಳಿವೇ ಇಲ್ಲದ ಏಪ್ರಿಲ್ ತಿಂಗಳಲ್ಲೂ ಕೆಂಗೇರಿಯ ಬಳಿ ವೃಷಭಾವತಿ ನೊರೆ ಎಬ್ಬಿಸಿಕೊಂಡು ಹರಿಯುತ್ತಿರುತ್ತದೆ. ಬೇಸಿಗೆಯಲ್ಲಿ ಈ ನೀರು ಎಲ್ಲಿಯದು? ಬಹುಪಾಲು ನಮ್ಮ ಬಚ್ಚಲುಮನೆಗಳದು. ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಪಂಪು ಮಾಡಿ ಮೇಲೆತ್ತಿ ತಂದ ಕಾವೇರಿ ನಲ್ಲಿಯಲ್ಲಿ ಇಳಿದು, ಚರಂಡಿ ಸೇರಿ, ವೃಷಭಾವತಿಯಾಗಿ ಅರ್ಕಾವತಿಯನ್ನು ಕೂಡಿಕೊಂಡು, ಕನಕಪುರದಾಚೆಯ ಸಂಗಮದಲ್ಲಿ ಮತ್ತೆ ಕಾವೇರಿಗೇ ಬೀಳುತ್ತದೆ. ಇಷ್ಟನ್ನು ಬಾಯಿಮಾತಿನಲ್ಲಿ ಯಾರು ಬೇಕಾದರೂ ಹೇಳಬಹುದು. ಇದರಲ್ಲಿ ನಲ್ಲಿಯ ನೀರೆಷ್ಟು, ಕೊಳವೆಬಾವಿಯದೆಷ್ಟು, ಮಳೆಯದೆಷ್ಟು ಎಂದು ಲೆಕ್ಕ ಒಪ್ಪಿಸಬೇಕಾದರೆ ನೀರಿಗೆ ಗುರುತು ಬೇಕು. ನಾವು ಬೆರೆಸಿದ ಗುರುತಾಗಲಿ, ನೀರು ತಾನೇ ಹೊತ್ತು ತಂದದ್ದಾಗಲಿ, ಜಲವಿಜ್ಞಾನಿಗಳು ಅದನ್ನು ಟ್ರೇಸರ್ ಎನ್ನುತ್ತಾರೆ.

ಬೆರೆಸಿದ ಗುರುತಿನ ಹೆಸರಾಂತ ಪ್ರಯೋಗ 1877ರಲ್ಲಿ ಜರ್ಮನಿಯಲ್ಲಿ ನಡೆಯಿತು. ಅಲ್ಲಿನ ಇಮ್ಮೆಂಡಿಂಗೆನ್ ಊರಿನ ಹತ್ತಿರ ಡ್ಯಾನ್ಯೂಬ್ ನದಿಯ ನೀರು ಸುಣ್ಣಕಲ್ಲಿನ ಬಿರುಕುಗಳಲ್ಲಿ ಇಂಗಿಹೋಗುತ್ತದೆ. ಸುಮಾರು 12 ಕಿಲೋಮೀಟರ್ ಆಚೆ, ಆಖ್ ಎಂಬಲ್ಲಿ, ದೊಡ್ಡದೊಂದು ಬುಗ್ಗೆ ಚಿಮ್ಮುತ್ತದೆ. ಎರಡೂ ಒಂದೇ ನೀರೋ ಎಂದು ನೋಡಲು ಅಡಾಲ್ಫ್ ಕ್ನೋಪ್ ಎಂಬ ವಿಜ್ಞಾನಿ ನದಿ ಇಂಗುವ ಕಡೆ 10 ಕಿಲೋ ಫ್ಲೋರೆಸೀನ್ ಬಣ್ಣ, 20 ಟನ್ ಉಪ್ಪು ಮತ್ತು ಕಟುವಾಸನೆಯ ಎಣ್ಣೆಯನ್ನು ಸುರಿಸಿದರು. ಸುಮಾರು 60 ಗಂಟೆಗಳಲ್ಲಿ ಬುಗ್ಗೆಯ ನೀರು ಹಸಿರಾಗಿ ಹೊಳೆಯಿತು, ಉಪ್ಪಾಯಿತು, ಎಣ್ಣೆಯ ರುಚಿಯೂ ಹತ್ತಿತು. ಕಪ್ಪು ಸಮುದ್ರಕ್ಕೆ ಹೋಗಬೇಕಾದ ನೀರು ನೆಲದಡಿಯಲ್ಲೇ ದಾರಿ ಬದಲಿಸಿ, ರೈನ್ ನದಿ ಹಿಡಿದು ಉತ್ತರ ಸಮುದ್ರ ಸೇರುತ್ತಿದೆ ಎಂದು ಖಚಿತವಾಯಿತು. ಈಗ ಯಾರಾದರೂ ನದಿಗೆ 20 ಟನ್ ಉಪ್ಪು ಸುರಿಯಲು ಹೊರಟರೆ ದಡದ ಹಳ್ಳಿಯವರು ಸುಮ್ಮನೆ ಬಿಟ್ಟಾರೆಯೇ!

ಇಂದು ಸಣ್ಣ ಹಳ್ಳವೊಂದರ ಹರಿವು ಅಳೆಯಲು ಒಂದೆರಡು ಕಿಲೋ ಅಡುಗೆ ಉಪ್ಪು ಸಾಕು. ಅದನ್ನು ಬಕೆಟ್ಟಿನಲ್ಲಿ ಚೆನ್ನಾಗಿ ಕರಗಿಸಿ, ನೀರು ಕಲ್ಲುಗಳ ನಡುವೆ ಕಲಕುತ್ತ ಹೋಗುವ ಕಡೆ ಒಮ್ಮೆಲೇ ಸುರಿಯುತ್ತಾರೆ. ಐವತ್ತು ನೂರು ಮೀಟರ್ ಕೆಳಗೆ ಇನ್ನೊಬ್ಬರು ನೀರಿನ ವಿದ್ಯುತ್ ವಾಹಕತೆ ಅಳೆಯುವ ಮೀಟರ್ ಮುಳುಗಿಸಿ ಕಾಯುತ್ತಾರೆ. ಮೊದಲು ಅಂಕಿ ಕದಲುವುದಿಲ್ಲ. ಆಮೇಲೆ ಸರಸರನೆ ಏರುತ್ತದೆ, ಬಳಿಕ ನಿಧಾನವಾಗಿ, ಬೇಸರ ಬರುವಷ್ಟು ನಿಧಾನವಾಗಿ ಇಳಿಯುತ್ತದೆ. ಐದೈದು ಸೆಕೆಂಡಿಗೆ ಬರೆದುಕೊಂಡ ಅಂಕಿಗಳಿಂದ ಹರಿವಿನ ಲೆಕ್ಕ ಸಿಗುತ್ತದೆ. ಉಪ್ಪು ಹೆಚ್ಚು ತೆಳುವಾದಷ್ಟೂ ಹಳ್ಳದಲ್ಲಿ ನೀರು ಹೆಚ್ಚು.

ಹರಿವು ಎಷ್ಟೆಂದು ತಿಳಿಯಿತು. ಆದರೆ ಅದು ಯಾವ ಮಳೆಯದು? ಇದಕ್ಕೆ ನೀರಿನ ಅಣುವನ್ನೇ ಕೇಳಬೇಕು. ಆಮ್ಲಜನಕದ 500 ಪರಮಾಣುಗಳಲ್ಲಿ ಸುಮಾರು ಒಂದು ಉಳಿದವಕ್ಕಿಂತ ಹೆಚ್ಚು ತೂಕದ್ದು, ಅಂದರೆ ಆಮ್ಲಜನಕ-18. ಮೋಡ ಮಳೆ ಸುರಿಸುತ್ತ ಸಾಗಿದಂತೆ ತೂಕದ ಅಣುಗಳು ಮೊದಲು ಉದುರುತ್ತವೆ, ಉಳಿದ ಆವಿ ಹಗುರವಾಗುತ್ತದೆ. ಹೀಗಾಗಿ ತೂಕದ ಅಣುಗಳ ಪ್ರಮಾಣ ಒಂದು ಮಳೆಯಲ್ಲಿದ್ದಂತೆ ಇನ್ನೊಂದರಲ್ಲಿಲ್ಲ. ಬಂಗಾಳ ಕೊಲ್ಲಿಯ ಚಂಡಮಾರುತ ತರುವ ಹಿಂಗಾರು ಮಳೆಯ ನೀರು ಸಾಮಾನ್ಯವಾಗಿ ಮುಂಗಾರಿನದಕ್ಕಿಂತ ಹಗುರ. ಆವಿಯಾದರೆ ಈ ಪ್ರಮಾಣ ಕೆಡುತ್ತದೆ. ಆದ್ದರಿಂದ ಮಳೆ ಹಿಡಿಯುವ ಪಾತ್ರೆಯಲ್ಲಿ ನೀರಿನ ಮೇಲೆ ಎಣ್ಣೆಯ ತೆಳು ಪದರ ಬಿಡುವುದುಂಟು, ಮಾದರಿಯ ಶೀಶೆಯನ್ನು ಗಾಳಿಗುಳ್ಳೆ ಉಳಿಯದಂತೆ ಕಂಠದವರೆಗೆ ತುಂಬುತ್ತಾರೆ.

1970ರ ದಶಕದಲ್ಲಿ ಕೆನಡಾದ ಸಣ್ಣ ಹಳ್ಳಗಳಲ್ಲಿ ಹೀಗೆ ಅಳೆದವರಿಗೆ ಅಚ್ಚರಿ ಕಾದಿತ್ತು. ಮಳೆ ಬಿದ್ದ ಕೆಲವೇ ಗಂಟೆಗಳಲ್ಲಿ ಹಳ್ಳ ಉಕ್ಕುತ್ತದೆ. ಉಕ್ಕಿದ ನೀರಿನಲ್ಲಿ ದೊಡ್ಡ ಪಾಲು ಅಂದಿನ ಮಳೆಯದಲ್ಲ, ಮೊದಲೇ ನೆಲದಲ್ಲಿ ಇದ್ದದ್ದು. ತುಂಬಿದ ಪೈಪಿನ ಒಂದು ತುದಿಗೆ ನೀರು ನೂಕಿದರೆ ಇನ್ನೊಂದು ತುದಿಯಿಂದ ಬರುವುದು ಒಳಗಿದ್ದ ಹಳೆಯ ನೀರಲ್ಲವೇ, ಹಾಗೆ. ಒತ್ತಡ ಬೇಗ ಸಾಗುತ್ತದೆ, ನೀರು ಸಾವಕಾಶವಾಗಿ. ಬೆಂಗಳೂರಿನ ರಾಜಕಾಲುವೆಗೆ ಈ ಮಾತನ್ನು ನಾನು ಅನ್ವಯಿಸಲಾರೆ. ಡಾಂಬರು, ಕಾಂಕ್ರೀಟಿನ ಮೇಲೆ ಬಿದ್ದ ಮಳೆಗೆ ನೆಲದೊಳಗೆ ಇಳಿಯಲು ಅವಕಾಶವೆಲ್ಲಿ? ಅಲ್ಲಿ ಉಕ್ಕುವುದು ಹೊಚ್ಚಹೊಸ ಮಳೆ, ಜೊತೆಗೆ ಚರಂಡಿ.

ಕಾಡಿನ ಕಥೆ ಬೇರೆ. ಬಂಡೀಪುರದ ಮೂಲೆಹೊಳೆಯಲ್ಲಿ ಸುಮಾರು 4 ಚದರ ಕಿಲೋಮೀಟರಿನ ಜಲಾನಯನವೊಂದನ್ನು ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯ ಇಂಡೋ-ಫ್ರೆಂಚ್ ಜಲವಿಜ್ಞಾನ ಘಟಕದವರು ವರ್ಷಗಳಿಂದ ಅಳೆಯುತ್ತ ಬಂದಿದ್ದಾರೆ. ಇಂಥ ಕಡೆ ಮಳೆಯ ನೀರೇ ಹೊತ್ತು ತರುವ ಕ್ಲೋರೈಡ್, ಅಂದರೆ ಉಪ್ಪಿನ ಒಂದು ಅಂಶ, ಕೈಹಿಡಿಯುತ್ತದೆ. ಮರಗಳು ನೀರನ್ನು ಹೀರಿ ಕ್ಲೋರೈಡನ್ನು ಬಹುಮಟ್ಟಿಗೆ ಮಣ್ಣಿನಲ್ಲೇ ಬಿಡುತ್ತವೆ. ಅಂತರ್ಜಲದ ಕ್ಲೋರೈಡ್ ಮಳೆಯದಕ್ಕಿಂತ ಹತ್ತು ಪಟ್ಟಿದ್ದರೆ, ಅದು ಬೇರೆಡೆಯಿಂದ ಬಂದಿಲ್ಲವಾದರೆ, ಮಳೆಯ ಹತ್ತನೇ ಒಂದು ಪಾಲು ಮಾತ್ರ ಕೆಳಗಿಳಿದಿದೆ ಎಂದು ಲೆಕ್ಕ.

ಈಗ ನಮ್ಮ ಡ್ಯಾನ್ಯೂಬಿನ ಕಥೆ. ಬೆಂಗಳೂರು ದಿಬ್ಬದ ಮೇಲಿನ ಊರು. ಪಶ್ಚಿಮದ ಇಳಿಜಾರಿನ ನೀರು ಅರ್ಕಾವತಿಗೆ, ಪೂರ್ವದ್ದು ದಕ್ಷಿಣ ಪಿನಾಕಿನಿಗೆ. ಬೆಳ್ಳಂದೂರಿನ ಕಡೆ ಹರಿಯುವ ಬಚ್ಚಲ ನೀರೂ ಮೂಲದಲ್ಲಿ ಬಹುಪಾಲು ಕಾವೇರಿಯೇ, ಪಂಪಿನ ಬಲದಿಂದ ದಿಬ್ಬ ದಾಟಿದ್ದು. 2018ರಿಂದ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳನ್ನೂ ತುಂಬುತ್ತಿದೆ. ಕೆರೆ ತುಂಬಿದ್ದು ಕಣ್ಣಿಗೆ ಕಾಣುತ್ತದೆ. ಪಕ್ಕದ ಹೊಲದ ಕೊಳವೆಬಾವಿಗೆ ಅದರಲ್ಲಿ ಎಷ್ಟು ಇಳಿಯಿತು ಎಂಬುದು ಕಾಣುವುದಿಲ್ಲ.

ಕ್ಲೋರೈಡ್ ಒಂದನ್ನೇ ನೆಚ್ಚಿಕೊಂಡರೆ ಇಲ್ಲಿ ಮೋಸ ಹೋಗುತ್ತೇವೆ. ಗೊಬ್ಬರ, ದನದ ಕೊಟ್ಟಿಗೆ, ಹಳೆಯ ಅಂತರ್ಜಲ ಎಲ್ಲದರಲ್ಲೂ ಅದು ಇದೆ. ನಗರದ ನೀರಿಗೆ ನಗರದ್ದೇ ಗುರುತು ಬೇಕು. ಎಂಆರ್‌ಐ ಸ್ಕ್ಯಾನಿಗೆ ಮುನ್ನ ಕೆಲವು ರೋಗಿಗಳಿಗೆ ಚುಚ್ಚುವ ಔಷಧಿಯಲ್ಲಿ ಗ್ಯಾಡೋಲಿನಿಯಂ ಲೋಹವಿದೆ. ಅದು ಮೂತ್ರದಲ್ಲಿ ಹೊರಬಿದ್ದು, ಸಂಸ್ಕರಣಾ ಘಟಕವನ್ನೂ ಬಹುಪಾಲು ದಾಟಿ ನದಿ ಸೇರುತ್ತದೆ. ಜರ್ಮನಿಯ ನದಿಗಳಲ್ಲಿ 1990ರ ದಶಕದಲ್ಲೇ ಪತ್ತೆಯಾಗಿದೆ. ಸಕ್ಕರೆ ಕಾಯಿಲೆಯವರ ಚಹಾಕ್ಕೆ ಬೀಳುವ ಕೃತಕ ಸಿಹಿ ಸುಕ್ರಲೋಸ್ ಕೂಡ ಹಾಗೆಯೇ, ಸುಲಭಕ್ಕೆ ಕೊಳೆತುಹೋಗುವ ಆಸಾಮಿಯಲ್ಲ. ಕೆರೆಯ ದಂಡೆಯಿಂದ ದೂರದೂರಕ್ಕೆ ನಾಲ್ಕಾರು ಕೊಳವೆಬಾವಿಗಳನ್ನು ಆರಿಸಿ, ಇವೆರಡನ್ನೂ ಆಮ್ಲಜನಕ-18ರ ಜೊತೆ ಮುಂಗಾರಿಗೆ ಮೊದಲು ಒಮ್ಮೆ, ಹಿಂಗಾರು ಮುಗಿದ ಮೇಲೆ ಒಮ್ಮೆ ಅಳೆದರೆ, ಬೆಂಗಳೂರಿನ ನೀರು ಯಾವ ರೈತರ ಬಾವಿಯವರೆಗೆ ಬಂದಿದೆ ಎಂಬುದಕ್ಕೆ ಊಹೆಯ ಬದಲು ಅಂಕಿ ಸಿಗುತ್ತದೆ. ಆ ಬಾವಿಯ ನೀರನ್ನು ಕುಡಿಯಲೂ ಬಳಸುವ ಮನೆಗಳಿಗೆ ಆ ಅಂಕಿಯನ್ನು ಮೊದಲು ತಿಳಿಸಬೇಕು.

ನಮಸ್ಕಾರ.