ಹಿಡಿಯಬೇಕು, ಬಿಡಲೂ ಬೇಕು

ಕೇಳುಗರೆಲ್ಲರಿಗೂ ನಮಸ್ಕಾರ. ಹಿಮದ ಇಳಿಜಾರಿನಲ್ಲಿ ಸ್ಕೀ ಮಾಡುವವರ ಕಾಲು ಉಳಿಸುವ, ಜೀವ ಉಳಿಸುವ ಕೆಲವು ಸಾಧನಗಳ ಬಗ್ಗೆ ಇವತ್ತು ಮಾತಾಡೋಣ. ಅವುಗಳ ಜೊತೆಗೇ ಬರಬೇಕಾದ ತರಬೇತಿಯ ಬಗ್ಗೆಯೂ ಹೇಳುತ್ತೇನೆ. ಎರಡನ್ನೂ ಬೇರೆ ಬೇರೆ ಮಾಡಿ ಹೇಳಲು ಆಗುವುದೇ ಇಲ್ಲ.

ಮೊದಲು ತೊಂದರೆ ಎಲ್ಲಿದೆ ನೋಡೋಣ. ಸ್ಕೀ ಅಂದರೆ ಉದ್ದನೆಯ ಹಲಗೆ. ಹಿಂದಿನ ಕಾಲದಲ್ಲಿ ಎರಡು ಮೀಟರಿಗೂ ಜಾಸ್ತಿ ಉದ್ದ ಇರುತ್ತಿತ್ತು. ಅದಕ್ಕೆ ಬೂಟನ್ನು ಪಟ್ಟಿಯಿಂದ, ಕೇಬಲ್‌ನಿಂದ ಬಿಗಿಯಾಗಿ ಕಟ್ಟುತ್ತಿದ್ದರು. ಸ್ಕೀಯ ಮೂತಿ ಹಿಮದಲ್ಲಿ ಸಿಕ್ಕಿಕೊಂಡರೆ ದೇಹ ಮುಂದಕ್ಕೆ ಹೋಗುತ್ತದೆ, ಪಾದ ಅಲ್ಲೇ ನಿಲ್ಲುತ್ತದೆ. ಅಷ್ಟುದ್ದದ ಹಲಗೆ ಸನ್ನೆಕೋಲಾಗಿ ಕಾಲನ್ನು ತಿರುಚುತ್ತದೆ. ಮೊಣಕಾಲಿನ ಕೆಳಗಿನ ಮೂಳೆ ಮುರಿಯುವುದು ಆಗ ತೀರಾ ಸಾಮಾನ್ಯವಾಗಿತ್ತು.

ನಾರ್ವೆಯಲ್ಲಿ ಹುಟ್ಟಿ ಅಮೆರಿಕದ ಓರೆಗಾನ್‌ನಲ್ಲಿ ನೆಲೆಸಿದ್ದ ಯಾಲ್ಮಾರ್ ವಾಮ್ ಒಳ್ಳೆಯ ಸ್ಪರ್ಧಿ. 1937ರಲ್ಲಿ ಮೌಂಟ್ ಹುಡ್ ಬೆಟ್ಟದಲ್ಲಿ ಬಿದ್ದು ಕಾಲು ಮುರಿದುಕೊಂಡರು. ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದ್ದಾಗಲೇ ಅವರಿಗೆ ಉಪಾಯ ಹೊಳೆಯಿತು. ಕಾಲು ತಿರುಚಿಕೊಂಡಾಗ ಬೂಟಿನ ಮುಂಭಾಗವನ್ನು ತಾನಾಗಿ ಬಿಟ್ಟುಕೊಡುವ ಹಿಡಿಕೆಯನ್ನು ಅವರು ಮಾಡಿದರು. 1939ರಲ್ಲಿ ಪೇಟೆಂಟ್ ಸಿಕ್ಕಿತು. ಮುಂದೆ ಫ್ರಾನ್ಸಿನಲ್ಲಿ ಜಾಂ ಬೇಲ್, ಜರ್ಮನಿಯಲ್ಲಿ ಹಾನೆಸ್ ಮಾರ್ಕರ್, ಅಮೆರಿಕದಲ್ಲಿ ಮಿಚ್ ಕಬರ್ಲಿ ಇದೇ ದಾರಿಯಲ್ಲಿ ಕೆಲಸ ಮಾಡಿದರು. ಬೂಟನ್ನು ಸ್ಕೀಗೆ ಹಿಡಿಸುವ ಈ ಹಿಡಿಕೆಗೆ ಬೈಂಡಿಂಗ್ ಅನ್ನುತ್ತಾರೆ. ಇಂದಿನ ಬೈಂಡಿಂಗ್ ಬೆರಳಿನ ಕಡೆ ಪಕ್ಕಕ್ಕೆ ಬಿಡುತ್ತದೆ, ಹಿಮ್ಮಡಿಯ ಕಡೆ ಮೇಲಕ್ಕೆ ಬಿಡುತ್ತದೆ.

ಸ್ಕೀ ಲೋಕದ ಸಾಧನಗಳಲ್ಲೆಲ್ಲ ನನಗೆ ಅತಿ ದೊಡ್ಡದಾಗಿ ಕಾಣುವುದು ಇದೇ. ಯಾಕೆಂದರೆ ಇದರೊಳಗೆ ಒಂದು ಕಠಿಣ ಪ್ರಶ್ನೆ ಇದೆ. ಬೈಂಡಿಂಗ್ ಹಿಡಿದುಕೊಳ್ಳಲೂ ಬೇಕು, ಬಿಡಲೂ ಬೇಕು. ವೇಗದಲ್ಲಿ ತಿರುಗುವಾಗ ಸುಮ್‌ಸುಮ್ನೆ ಬಿಟ್ಟುಬಿಟ್ಟರೆ ಅದೇ ಅಪಾಯ. ಬಿದ್ದಾಗ ಬಿಡದಿದ್ದರೆ ಇನ್ನೊಂದು ಅಪಾಯ. ಎಷ್ಟು ಒತ್ತಡಕ್ಕೆ ಬಿಡಬೇಕು ಎನ್ನುವುದು ಒಬ್ಬೊಬ್ಬರಿಗೂ ಬೇರೆ. ಅದಕ್ಕೇ ತೂಕ, ಎತ್ತರ, ವಯಸ್ಸು, ಬೂಟಿನ ಅಟ್ಟೆಯ ಉದ್ದ, ಸ್ಕೀ ಮಾಡುವ ರೀತಿ ಎಲ್ಲವನ್ನೂ ನೋಡಿ ಸ್ಪ್ರಿಂಗನ್ನು ಹೊಂದಿಸುತ್ತಾರೆ. ಇದಕ್ಕೆ ಅಂತರರಾಷ್ಟ್ರೀಯ ಮಾನದಂಡವೂ ಇದೆ. ಆದರೂ ಎಷ್ಟೋ ಜನ ತಮ್ಮ ತೂಕವನ್ನು ಸರಿಯಾಗಿ ಹೇಳುವುದಿಲ್ಲ, ತಾವು ಮಾಡುವುದಕ್ಕಿಂತ ಜೋರಾಗಿ ಸ್ಕೀ ಮಾಡುತ್ತೇವೆ ಅಂತ ಹೇಳಿಕೊಳ್ಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆ ಸುಳ್ಳಿನ ಬೆಲೆಯನ್ನು ನಿಮ್ಮ ಕಾಲೇ ಕೊಡಬೇಕಾಗುತ್ತದೆ.

ಬೈಂಡಿಂಗ್ ಬಿಟ್ಟುಕೊಂಡ ಮೇಲೆ ಒಂಟಿ ಸ್ಕೀ ಇಳಿಜಾರಿನಲ್ಲಿ ಕೆಳಗಿನವರ ಮೇಲೆ ನುಗ್ಗುತ್ತಿತ್ತು. ಮೊದಲು ಅದನ್ನು ಕಾಲಿಗೆ ಪಟ್ಟಿಯಿಂದ ಕಟ್ಟಿಕೊಳ್ಳುತ್ತಿದ್ದರು. ಆಗ ಬಿದ್ದವರಿಗೇ ಅದು ಬಡಿಯುತ್ತಿತ್ತು. 1970ರ ದಶಕದಲ್ಲಿ ಬೂಟು ಕಳಚಿದ ಕೂಡಲೇ ಕೆಳಗಿಳಿದು ಹಿಮಕ್ಕೆ ಕಚ್ಚಿಕೊಳ್ಳುವ ಪುಟ್ಟ ಬ್ರೇಕ್ ಬಂತು.

ಇಷ್ಟಾದ ಮೇಲೆ ಎಲ್ಲಾ ಸರಿಹೋಯಿತಾ? ಇಲ್ಲ. ಅಮೆರಿಕದ ವರ್ಮಾಂಟ್‌ನಲ್ಲಿ ಕಾರ್ಲ್ ಎಟ್ಲಿಂಗರ್, ವೈದ್ಯ ರಾಬರ್ಟ್ ಜಾನ್ಸನ್, ಜಾಸ್ಪರ್ ಶೀಲಿ ಎಂಬ ಮೂವರು 1972ರಿಂದ ಒಂದೇ ಸ್ಕೀ ತಾಣದ ಗಾಯಗಳ ಲೆಕ್ಕ ಇಡುತ್ತಾ ಬಂದರು. ಕೆಳಗಾಲಿನ ಮೂಳೆ ಮುರಿಯುವುದು ತುಂಬಾ ಕಡಿಮೆಯಾಗಿತ್ತು. ಆದರೆ ಮೊಣಕಾಲಿನೊಳಗೆ ಮೂಳೆಗಳನ್ನು ಬಿಗಿದು ಹಿಡಿಯುವ ಎಸಿಎಲ್ ಎಂಬ ಲಿಗಮೆಂಟ್ ಹರಿಯುವುದು ಏರುತ್ತಲೇ ಇತ್ತು. ಹಿಂದಕ್ಕೆ ವಾಲಿ ಬೀಳುವಾಗ ಇಳಿಜಾರಿನ ಕೆಳಬದಿಯಲ್ಲಿರುವ ಸ್ಕೀಯ ಬಾಲ, ಅಂದರೆ ಹಿಂದಿನ ತುದಿ, ಮೊಣಕಾಲನ್ನು ಒಳಕ್ಕೆ ತಿರುಚುತ್ತದೆ. ಆಗ ತಿರುಚುವ ಬಲ ಹಿಮ್ಮಡಿಯ ಹಿಂದಿನಿಂದ ಬರುತ್ತದೆ. ಅದು ಬೆರಳಿನ ಕಡೆಯ ಹಿಡಿಕೆಗೆ ಸರಿಯಾಗಿ ತಿಳಿಯುವುದೇ ಇಲ್ಲ.

ಆಗ ಅವರು ಮಾಡಿದ್ದು ನನಗೆ ತುಂಬಾ ಮೆಚ್ಚುಗೆಯಾದ ಕೆಲಸ. ಹೊಸ ಯಂತ್ರಕ್ಕೆ ಕಾಯದೆ, ಜನ ನಿಜವಾಗಿ ಬಿದ್ದು ಗಾಯಗೊಂಡ ವಿಡಿಯೋಗಳನ್ನು ಕಲೆಹಾಕಿದರು. ಅವನ್ನು ಸ್ಕೀ ಗಸ್ತಿನವರಿಗೆ, ತರಬೇತುದಾರರಿಗೆ ತೋರಿಸಿದರು. ಮೊಣಕಾಲು ಯಾವ ಭಂಗಿಯಲ್ಲಿ ಹೋಗುತ್ತದೆ ಎಂದು ಅವರೇ ಗುರುತಿಸುವಂತೆ ಮಾಡಿದರು. ಕಲಿಸಿದ್ದು ಸರಳ ಮಾತುಗಳು. ಕೈ ಮುಂದಿರಲಿ. ಬೀಳುವಾಗ ಕಾಲು ನೆಟ್ಟಗೆ ಚಾಚಬೇಡಿ, ಮಂಡಿ ಮಡಚಿಯೇ ಇರಲಿ. ಜಾರುವುದು ಪೂರ್ತಿ ನಿಲ್ಲುವ ತನಕ ಏಳಲು ಹೋಗಬೇಡಿ. ಎಲ್ಲಿ ಇಳಿಯುತ್ತೀರಿ ಅಂತ ಗೊತ್ತಿಲ್ಲದೆ ಹಾರಬೇಡಿ. 1995ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ, ತರಬೇತಿ ಪಡೆದವರಲ್ಲಿ ಮೊಣಕಾಲಿನ ಗಂಭೀರ ಗಾಯಗಳು ಶೇ 62ರಷ್ಟು ಇಳಿದವು. ಸ್ಪ್ರಿಂಗ್ ಮುಟ್ಟಲಾಗದ ಜಾಗವನ್ನು ಕಲಿಕೆ ಮುಟ್ಟಿತು.

ಹೊಸದಾಗಿ ಕಲಿಯುವವರಿಗೂ ಇದೇ ಬಗೆಯ ಯೋಚನೆ ನೆರವಾಗಿದೆ. ವರ್ಮಾಂಟ್‌ನಲ್ಲೇ ಕ್ಲಿಫ್ ಟೇಲರ್ ಎಂಬ ಶಿಕ್ಷಕರು 1960ರ ದಶಕದಲ್ಲಿ ಕಲಿಯುವವರ ಕೈಗೆ ಒಂದು ಮೀಟರಿನಷ್ಟು ಚಿಕ್ಕ ಸ್ಕೀ ಕೊಟ್ಟರು. ಅಭ್ಯಾಸ ಆದಂತೆಲ್ಲ ಉದ್ದ ಹೆಚ್ಚಿಸುತ್ತಾ ಹೋದರು. ಚಿಕ್ಕ ಸ್ಕೀ ಬೇಗ ತಿರುಗುತ್ತದೆ, ಕಾಲನ್ನು ತಿರುಚುವ ಬಲವೂ ಕಡಿಮೆ. ಮಕ್ಕಳ ಎರಡು ಸ್ಕೀಗಳ ಮೂತಿಯನ್ನು ಜೋಡಿಸುವ ರಬ್ಬರ್ ಕೊಂಡಿಯೂ ಇದೆ. ಮೂತಿ ಕೂಡಿಸಿ, ಬಾಲ ಅಗಲಿಸಿ ವೇಗ ತಗ್ಗಿಸುವುದನ್ನು ಅದು ಕಾಲಿಗೇ ಕಲಿಸುತ್ತದೆ. ಆದರೆ ಬೇಗ ತೆಗೆಯಬೇಕು. ಇಲ್ಲದಿದ್ದರೆ ಮಗು ಕೊಂಡಿಯನ್ನೇ ನಂಬಿಕೊಳ್ಳುತ್ತದೆ.

ಸ್ಪರ್ಧೆಯಲ್ಲಿ ಸಾಗಬೇಕಾದ ದಾರಿಯನ್ನು ಗುರುತಿಸುವ ಗೇಟಿನ ಕಂಬ ಹಿಂದೆ ಬಿದಿರಿನದು. ತಗುಲಿದರೆ ಪೆಟ್ಟು. 1980ರ ದಶಕದ ಆರಂಭದಲ್ಲಿ ಬುಡದಲ್ಲಿ ಕೀಲಿರುವ, ಬಾಗಿ ಮತ್ತೆ ನಿಲ್ಲುವ ಪ್ಲಾಸ್ಟಿಕ್ ಕಂಬ ಬಂತು. ಸುರಕ್ಷತೆಗೆ ಅಂತ ಬಂದದ್ದು ಆಟವನ್ನೇ ಬದಲಿಸಿತು. ಹತ್ತಿರ ಹತ್ತಿರದ ಕಂಬಗಳ ನಡುವೆ ತಿರುಗುತ್ತಾ ಇಳಿಯುವ ಸ್ಲಾಲಂ ಸ್ಪರ್ಧೆಯ ಓಟಗಾರರು ಕಂಬದ ಸುತ್ತ ಹೋಗುವುದು ಬಿಟ್ಟು, ಅದನ್ನು ಹೊಡೆದು ಮಲಗಿಸಿ ನೇರವಾಗಿ ಸಾಗತೊಡಗಿದರು. ಅದರಿಂದ ಮುಂಗಾಲಿಗೆ, ಕೈಗೆ, ಗಲ್ಲಕ್ಕೆ ಹೊಸ ರಕ್ಷಾಕವಚ ಬೇಕಾಯಿತು! ಈಗ ಡೌನ್‌ಹಿಲ್‌ನಂಥ ವೇಗದ ಸ್ಪರ್ಧೆಗಳಲ್ಲಿ ಉಡುಪಿನ ಒಳಗೆ ಏರ್‌ಬ್ಯಾಗ್ ತೊಡುತ್ತಾರೆ. ದೇಹ ಹಿಡಿತ ತಪ್ಪಿದ್ದನ್ನು ಸೆನ್ಸರ್ ಗುರುತಿಸಿದ ಕೂಡಲೇ ಅದು ಉಬ್ಬುತ್ತದೆ. ಹೆಲ್ಮೆಟ್ ಬಗ್ಗೆ ನಾನು ಹೆಚ್ಚು ಹೇಳಬೇಕಿಲ್ಲ. ಹಾಕಿಕೊಳ್ಳಿ, ಅಷ್ಟೇ.

ಇನ್ನು ಹಿಮಕುಸಿತ. ಕಾವಲಿರುವ ಇಳಿಜಾರು ಬಿಟ್ಟು ದೂರದ ಬೆಟ್ಟಕ್ಕೆ ಹೋಗುವವರಿಗೆ ಇದೇ ದೊಡ್ಡ ಭಯ. 1994ರಲ್ಲಿ ಪ್ರಕಟವಾದ ಸ್ವಿಟ್ಜರ್ಲೆಂಡಿನ ಲೆಕ್ಕ ಹೀಗಿದೆ. ಹಿಮದಡಿ ಹೂತುಹೋದವರನ್ನು 15 ನಿಮಿಷದೊಳಗೆ ತೆಗೆದರೆ ನೂರರಲ್ಲಿ 90ಕ್ಕೂ ಹೆಚ್ಚು ಜನ ಬದುಕುತ್ತಾರೆ. 35 ನಿಮಿಷವಾದರೆ ಸುಮಾರು 30 ಜನ ಮಾತ್ರ. ಹೊರಗಿನಿಂದ ರಕ್ಷಣಾ ತಂಡ ಬರುವಷ್ಟು ಹೊತ್ತೇ ಇಲ್ಲ. ಪಕ್ಕದಲ್ಲಿರುವ ಗೆಳೆಯರೇ ಹುಡುಕಿ ತೆಗೆಯಬೇಕು.

ಅದಕ್ಕೆ ದಾರಿ ಮಾಡಿಕೊಟ್ಟವರು ಜಾನ್ ಲಾಟನ್. 1968ರಲ್ಲಿ ಅವರು ಸ್ಕಾಡಿ ಎಂಬ ಪುಟ್ಟ ರೇಡಿಯೋ ಸಾಧನ ರೂಪಿಸಿದರು. ಎಲ್ಲರೂ ಸಂಕೇತ ಕಳಿಸುತ್ತಾ ಹೋಗುತ್ತಾರೆ. ಯಾರಾದರೂ ಹೂತುಹೋದರೆ ಉಳಿದವರು ತಮ್ಮದನ್ನು ಕೇಳುವ ಕಡೆಗೆ ತಿರುಗಿಸಿ ಹುಡುಕುತ್ತಾರೆ. ಈಗ ಎಲ್ಲಾ ಕಂಪನಿಗಳ ಸಾಧನಗಳೂ 457 ಕಿಲೋಹರ್ಟ್ಸ್‌ನಲ್ಲೇ ಕೆಲಸ ಮಾಡುತ್ತವೆ. ಹಿಂದೆ ಸದ್ದಿನ ಏರಿಳಿತ ಕೇಳಿ ಹುಡುಕಬೇಕಿತ್ತು. 1997ರಿಂದ ಡಿಜಿಟಲ್ ಸಾಧನಗಳು ಬಾಣದ ಗುರುತಿನಿಂದ ದಿಕ್ಕು ತೋರಿಸಿ, ದೂರವನ್ನೂ ಹೇಳತೊಡಗಿದವು. ಆದರೂ ಒಬ್ಬರ ಬಳಿ ಮಾತ್ರ ಇದ್ದರೆ ಪ್ರಯೋಜನವಿಲ್ಲ. ಚುಚ್ಚಿ ನೋಡುವ ಉದ್ದ ಕೋಲು, ಸಲಿಕೆ ಎರಡೂ ಬೇಕು. ಅಗೆಯಲು ಹಿಡಿಯುವ ಸಮಯವೇ ಬಹಳ ಸಲ ಹೆಚ್ಚು. ಹಲವು ಸ್ಕೀ ತಾಣಗಳಲ್ಲಿ ಹಿಮದಡಿ ಸಾಧನ ಹೂತಿಟ್ಟ ಅಭ್ಯಾಸದ ಮೈದಾನಗಳಿವೆ. ಬೆಟ್ಟಕ್ಕೆ ಹೋಗುವ ಮೊದಲು ಅಲ್ಲಿಗೆ ಹೋಗಿ.

ಹೂತುಹೋಗದಂತೆ ತಡೆಯುವ ಸಾಧನವೂ ಇದೆ. ಬೇಟೆಯ ಪ್ರಾಣಿಯನ್ನು ಹೆಗಲ ಮೇಲೆ ಹೊತ್ತಿದ್ದಾಗ ಹಿಮಕುಸಿತದಲ್ಲಿ ತಾನು ಮೇಲೆಯೇ ಉಳಿದೆ ಎಂದು ಜರ್ಮನಿಯ ಬವೇರಿಯಾದ ಒಬ್ಬ ಅರಣ್ಯ ಕಾವಲುಗಾರ ಗಮನಿಸಿದ್ದರು. ಸಣ್ಣ ದೊಡ್ಡ ಕಲ್ಲು ತುಂಬಿದ ಡಬ್ಬಿ ಅಲ್ಲಾಡಿಸಿದರೆ ದೊಡ್ಡವು ಮೇಲೆ ಬರುತ್ತವೆ, ಅಲ್ವಾ? ಅದೇ ತತ್ವ. ಪೀಟರ್ ಆಶಾವರ್ ಅದನ್ನು ಬೆಳೆಸಿ 1985ರಲ್ಲಿ ಬೆನ್ನಿಗೆ ಹಾಕಿಕೊಳ್ಳುವ ಏರ್‌ಬ್ಯಾಗ್ ಚೀಲ ತಂದರು. ಹಿಡಿ ಎಳೆದರೆ ಸುಮಾರು 150 ಲೀಟರ್ ಗಾಳಿ ತುಂಬಿಕೊಂಡು ಮನುಷ್ಯನ ಗಾತ್ರವೇ ದೊಡ್ಡದಾಗುತ್ತದೆ. 2014ರ ಒಂದು ಅಧ್ಯಯನದಲ್ಲಿ, ಹಿಮಕುಸಿತಕ್ಕೆ ಗಂಭೀರವಾಗಿ ಸಿಕ್ಕಿದವರ ಸಾವಿನ ಪ್ರಮಾಣ ಚೀಲ ಉಬ್ಬಿದಾಗ ಶೇ 22ರಿಂದ 11ಕ್ಕೆ ಇಳಿದಿತ್ತು. ಆದರೆ ಐದರಲ್ಲಿ ಒಂದು ಚೀಲ ಉಬ್ಬಲೇ ಇಲ್ಲ. ಹೆಚ್ಚಿನ ಪ್ರಕರಣಗಳಲ್ಲಿ ಕಾರಣ, ಹೊತ್ತವರು ಹಿಡಿ ಎಳೆಯದೇ ಹೋದದ್ದು. ಆ ಕ್ಷಣದಲ್ಲಿ ಕೈಗೆ ಅದು ನೆನಪಾಗಲಿಲ್ಲ. ಒಂದೇ ಸಲ ಉಪಯೋಗಕ್ಕೆ ಬರುವ ಗ್ಯಾಸ್ ಸಿಲಿಂಡರ್ ಆದ್ದರಿಂದ ಅಭ್ಯಾಸಕ್ಕೆಂದು ಎಳೆದು ನೋಡಲು ಜನ ಹಿಂಜರಿಯುತ್ತಿದ್ದರು. ಈಗ ಬ್ಯಾಟರಿ ಫ್ಯಾನಿನಿಂದ ಉಬ್ಬುವ ಚೀಲಗಳು ಬಂದಿವೆ. ಅವನ್ನು ಖರ್ಚಿಲ್ಲದೆ ಮತ್ತೆ ಮತ್ತೆ ಎಳೆದು ನೋಡಬಹುದು. ಚಳಿಗಾಲ ಶುರುವಾಗುವ ಮೊದಲೇ, ಕೈಗವಸು ಹಾಕಿಕೊಂಡು, ಮನೆಯಲ್ಲೇ ಎಳೆದು ನೋಡಿ. ನಮಸ್ಕಾರ.