ಈ ಸಲ ತಂಡದಲ್ಲಿ ಯಾರ್ಯಾರಿದ್ದಾರೆ? ರಾಲಿಯಲ್ಲಿ ಕಾಲೇಜ್ ಬಾಸ್ಕೆಟ್‌ಬಾಲ್‌ಗೆ ನಮ್ಮ ಮನೆಯ ತಯಾರಿ

ನಮಸ್ಕಾರ, ಎಲ್ಲರೂ ಹೇಗಿದ್ದೀರಿ?

ನಾವೀಗ ರಾಲಿಯಲ್ಲಿದ್ದೇವೆ, ನಾರ್ತ್ ಕೆರೊಲಿನಾ. ದೂರದಲ್ಲಿ ತಿರುಗುತ್ತಿರುವ ದೊಡ್ಡ ರಾಟೆ ಕಾಣಿಸ್ತಾ? ಅದು ಸ್ಟೇಟ್ ಫೇರ್, ಈ ರಾಜ್ಯದ ಜಾತ್ರೆ. ಪ್ರತಿ ಅಕ್ಟೋಬರ್‌ನಲ್ಲಿ ನಡೆಯುತ್ತದೆ. ಕಾರಿನ ಗಾಜು ಇಳಿಸಿದರೆ ಸಾಕು, ಕರಿದ ಹಿಟ್ಟು ಮತ್ತು ಸಕ್ಕರೆಯ ಘಮ ಒಳಗೆ ನುಗ್ಗುತ್ತದೆ. ಮಗಳಿಗೆ ಬೇಕಾಗಿರುವುದು ಅದು. ನನಗೆ ಬೇಕಾಗಿರುವುದು ಈ ಕಡೆ ಇದೆ, ಈ ಅಗಲವಾದ ಕಟ್ಟಡ. ಲೆನೊವೊ ಸೆಂಟರ್. ಎನ್‌ಸಿ ಸ್ಟೇಟ್, ಅಂದರೆ ನಾರ್ತ್ ಕೆರೊಲಿನಾ ಸ್ಟೇಟ್ ಯೂನಿವರ್ಸಿಟಿ, ಅದರ ಹುಡುಗರ ಬಾಸ್ಕೆಟ್‌ಬಾಲ್ ತಂಡ ಆಡುವ ಜಾಗ. ಜಾತ್ರೆಯವರು ಗಂಟುಮೂಟೆ ಕಟ್ಟಿದ ಸ್ವಲ್ಪ ದಿನಕ್ಕೆ, ನವೆಂಬರ್ ಶುರುವಿನಲ್ಲಿ, ಇಲ್ಲಿ ಹೊಸ ಸೀಸನ್.

ಇವತ್ತಿನ ವಿಡಿಯೋ ಅದರ ತಯಾರಿಯದ್ದು. ಆಟಗಾರರ ತಯಾರಿ ಅಲ್ಲ, ನಮ್ಮಂಥ ಅಭಿಮಾನಿಗಳದ್ದು. ನಗಬೇಡಿ, ಈಗೀಗ ಅದೂ ಒಂದು ದೊಡ್ಡ ಕೆಲಸವೇ ಆಗಿದೆ.

ಎನ್‌ಸಿ ಸ್ಟೇಟೇ ಯಾಕೆ ಅಂತ ಕಾಮೆಂಟ್‌ನಲ್ಲಿ ಕೇಳುತ್ತಿರುತ್ತೀರಿ. ನನ್ನ ಗಂಡ ಎಂಎಸ್ ಮಾಡಿದ್ದು ಇಲ್ಲೇ. ಮದುವೆಯಾಗಿ ಬಂದವಳಿಗೆ ತಂಡ ಆರಿಸಿಕೊಳ್ಳುವ ಸ್ವಾತಂತ್ರ್ಯ ಇರಲಿಲ್ಲ ಬಿಡಿ. ಪಕ್ಕದ ಡರ್ಹಮ್‌ನಲ್ಲಿ ಡ್ಯೂಕ್ ಇದೆ, ಗಾಢ ನೀಲಿ. ಚಾಪೆಲ್ ಹಿಲ್‌ನಲ್ಲಿ ಯುಎನ್‌ಸಿ, ತಿಳಿ ನೀಲಿ, ಮೈಕೆಲ್ ಜೋರ್ಡನ್ ಓದಿದ ಕಾಲೇಜು. ನಾವು ಕೆಂಪು. ಮೂರೂ ಅರ್ಧ ಗಂಟೆ, ಮುಕ್ಕಾಲು ಗಂಟೆ ಡ್ರೈವ್‌ನ ಒಳಗೇ. ನಮ್ಮ ಹುಡುಗರು ದೇಶಕ್ಕೇ ಮೊದಲು ಬಂದದ್ದು ಎರಡು ಸಲ, 1974 ಮತ್ತು 1983. ನೀಲಿಯವರಿಬ್ಬರ ಹತ್ತಿರವೂ ಅದರ ಎರಡು ಪಟ್ಟಿಗಿಂತ ಜಾಸ್ತಿ ಟ್ರೋಫಿಗಳಿವೆ. ಆಫೀಸಿನಲ್ಲಿ ಇದನ್ನು ದಿನಾ ನೆನಪಿಸುವವರಿದ್ದಾರೆ.

ಸರಿ, ಮನೆಗೆ ಬಂದೆವು. ಊಟದ ಟೇಬಲ್ ಮೇಲೆ ಕಾಣುತ್ತಿರುವುದು ಮಗಳ ಹಳೇ ಗಣಿತದ ನೋಟ್‌ಬುಕ್. ಖಾಲಿ ಉಳಿದ ಹಾಳೆಗಳಲ್ಲಿ ನಾವು ತಂಡದ ಪಟ್ಟಿ ಬರೆಯುತ್ತೇವೆ. ಜರ್ಸಿ ನಂಬರ್, ಹೆಸರು, ಎತ್ತರ, ಯಾವ ಜಾಗದಲ್ಲಿ ಆಡುತ್ತಾನೆ. ಕೊನೇ ಕಾಲಂ ನೋಡಿ. 'ಎಲ್ಲಿಂದ ಬಂದ.' ಮೊದಲು ಈ ಕಾಲಂ ಇರಲಿಲ್ಲ. ಈಗ ಅದೇ ಎಲ್ಲಕ್ಕಿಂತ ಅಗಲ.

ಇವಳು ಹಿಂದಿನ ವರ್ಷದ ಹಾಳೆ ತಿರುಗಿಸಿ ಕೇಳಿದಳು.

"ಅಮ್ಮ, ಈ ಉದ್ದ ಕೂದಲಿನ ಅಣ್ಣ ಎಲ್ಲಿ?"

"ಬೇರೆ ಕಾಲೇಜಿಗೆ ಹೋದ ಕಣೇ."

"ಯಾಕೆ, ನಮ್ಮ ಮೇಲೆ ಕೋಪಾನಾ?"

ಏನಂತ ಹೇಳಲಿ? ಕೋಪ ಅಲ್ಲ ಪುಟ್ಟಿ, ಪೋರ್ಟಲ್.

ಟ್ರಾನ್ಸ್‌ಫರ್ ಪೋರ್ಟಲ್ ಅಂದರೆ ಕಾಲೇಜ್ ಬದಲಿಸಬೇಕು ಅನ್ನುವ ಆಟಗಾರರು ಹೆಸರು ಹಾಕಿಸುವ ಪಟ್ಟಿ. 2018ರಲ್ಲಿ ಶುರುವಾಯಿತು. ಹೆಸರು ಬಿತ್ತು ಅಂದರೆ ಬೇರೆ ಕೋಚ್‌ಗಳೆಲ್ಲ ಫೋನ್ ಮಾಡಬಹುದು. ಆಗಿನ್ನೂ ಒಂದು ತಡೆ ಇತ್ತು. ಕಾಲೇಜ್ ಬದಲಿಸಿದವನು ಸಾಮಾನ್ಯವಾಗಿ ಒಂದು ವರ್ಷ ಆಡದೆ ಬೆಂಚ್ ಮೇಲೆ ಕೂರಬೇಕಿತ್ತು. 2021ರಲ್ಲಿ ಒಂದು ಸಲದ ಮಟ್ಟಿಗೆ ಅದನ್ನು ತೆಗೆದರು. 2024ರಲ್ಲಿ, ಓದು ಸರಿಯಾಗಿದ್ದರೆ, ಎಷ್ಟು ಸಲ ಬೇಕಾದರೂ ಬದಲಿಸಿ ಅಂದರು. ಮೈಸೂರಿನಲ್ಲಿರುವ ನಮ್ಮ ಅಪ್ಪನಿಗೆ ಇದನ್ನು ಫೋನಿನಲ್ಲಿ ವಿವರಿಸಲು ಒದ್ದಾಡುತ್ತಿದ್ದೆ. ಅವರು ಮಧ್ಯದಲ್ಲೇ ತಡೆದು, "ಅಂದ್ರೆ ಸಿಇಟಿ ಎರಡನೇ ರೌಂಡ್ ಅನ್ನು. ಸೀಟು ಸಿಕ್ಕಿದೆ, ಆದ್ರೂ ಇನ್ನೂ ಒಳ್ಳೇದು ಸಿಗುತ್ತಾ ಅಂತ ಆಪ್ಷನ್ ಹಾಕೋದು" ಅಂದರು. ಅಷ್ಟೇ. ನಾನು ಹತ್ತು ನಿಮಿಷ ಹೇಳಿದ್ದು ಅವರಿಗೆ ಒಂದು ಸಾಲಿನಲ್ಲಿ ಆಯಿತು.

ಇದರ ಜೊತೆಗೆ ದುಡ್ಡು. 2021ರ ಜುಲೈವರೆಗೆ ಕಾಲೇಜ್ ಆಟಗಾರ ತನ್ನ ಹೆಸರು, ಮುಖ ಬಳಸಿ ಒಂದು ಡಾಲರ್ ಸಂಪಾದಿಸುವ ಹಾಗಿರಲಿಲ್ಲ. ಅವನ ನಂಬರಿನ ಜರ್ಸಿಯನ್ನು ಕಾಲೇಜ್ ಮಾರಬಹುದು, ಟಿವಿಯವರು ಅವನ ಆಟ ತೋರಿಸಿ ದುಡಿಯಬಹುದು, ಅವನಿಗೆ ಮಾತ್ರ ಸ್ಕಾಲರ್‌ಶಿಪ್. ಆಮೇಲೆ ಜಾಹೀರಾತಿನ ದುಡ್ಡು ತೆಗೆದುಕೊಳ್ಳಬಹುದು ಅಂತಾಯಿತು. 2025ರಲ್ಲಿ ಕೋರ್ಟ್ ಒಪ್ಪಿದ ರಾಜಿಯಿಂದ ಕಾಲೇಜುಗಳೇ ನೇರವಾಗಿ ಆಟಗಾರರಿಗೆ ಪಾಲು ಕೊಡುತ್ತಿವೆ. ಮೊದಲ ವರ್ಷದ ಮಿತಿ, ಎಲ್ಲ ಆಟಗಳೂ ಸೇರಿ, ಒಂದೊಂದು ಕಾಲೇಜಿಗೆ ಸುಮಾರು 2.05 ಕೋಟಿ ಡಾಲರ್.

ಇದು ಸರಿಯಾ ತಪ್ಪಾ ಅಂತ ಇಲ್ಲಿ ಎರಡು ಬಣ. ನನಗಂತೂ ಇದು ಸರಿ. ಇಪ್ಪತ್ತು ವರ್ಷದ ಹುಡುಗ ದುಡಿದ ದುಡ್ಡು ಅವನಿಗೆ ಸೇರಲಿ. ಕೋಚ್‌ಗಳು ಕಾಂಟ್ರಾಕ್ಟ್ ಮುರಿದು ಬೇರೆ ಕಡೆ ಹೋದಾಗ ಯಾರೂ ನಿಷ್ಠೆಯ ಮಾತು ಆಡಲ್ಲ, ಹುಡುಗರು ಹೋದರೆ ಮಾತ್ರ ಯಾಕೆ? ಆದರೆ ನಮ್ಮ ಕಷ್ಟವೂ ಇದೆ. ನಾಲ್ಕು ವರ್ಷ ಒಬ್ಬನೇ ಹುಡುಗ ಕಣ್ಣೆದುರು ಬೆಳೆಯುವುದನ್ನು ನೋಡುವ ಸುಖ ಕಡಿಮೆಯಾಯಿತು. ಅದಕ್ಕೇ ಈ ನೋಟ್‌ಬುಕ್. ಸೀಸನ್ ಶುರುವಾಗುವ ಮೊದಲೇ ಹೆಸರುಗಳನ್ನು ಬಾಯಿಪಾಠ ಮಾಡಿಕೊಳ್ಳುತ್ತೇವೆ. ಇಲ್ಲದಿದ್ದರೆ ಜನವರಿಯವರೆಗೂ 'ಆ ಎತ್ತರದವನು, ಈ ಕುಳ್ಳ' ಅಂತಲೇ ಕೂಗುತ್ತಿರಬೇಕು.

ವಿಡಿಯೋದಲ್ಲಿ ಆಟಗಾರರ ಹೆಸರು ಮಸುಕು ಮಾಡಿದ್ದೇನೆ. ನೀವು ಇದನ್ನು ನೋಡುವ ಹೊತ್ತಿಗೆ ಯಾರು ಎಲ್ಲಿರುತ್ತಾರೋ ಯಾರಿಗೆ ಗೊತ್ತು.

ಹೆಸರಾದ ಮೇಲೆ ಎರಡನೇ ಕೆಲಸ, ವೇಳಾಪಟ್ಟಿ. ಹೊಸಬರು ಸಾಮಾನ್ಯವಾಗಿ ಮಾರ್ಚ್‌ನಲ್ಲಿ ಕಣ್ಣು ಬಿಡುತ್ತಾರೆ. ಮಾರ್ಚ್ ಮ್ಯಾಡ್‌ನೆಸ್ ಅನ್ನುವ ರಾಷ್ಟ್ರೀಯ ಟೂರ್ನಿ, ಯಾರು ಗೆಲ್ಲುತ್ತಾರೆ ಅಂತ ಊಹಿಸಿ ಬ್ರಾಕೆಟ್ ತುಂಬಿಸುವುದು, ಗದ್ದಲ, ಎಲ್ಲ ಸರಿ. ಆದರೆ ಆ ಟೂರ್ನಿಗೆ ಕರೆ ಬರುತ್ತಾ ಇಲ್ವಾ ಅನ್ನುವುದರಲ್ಲಿ ಅರ್ಧ ನವೆಂಬರ್, ಡಿಸೆಂಬರ್‌ನಲ್ಲೇ ತೀರ್ಮಾನ ಆಗಿರುತ್ತದೆ. ಆಯ್ಕೆ ಸಮಿತಿ ನೋಡುವ 'ನೆಟ್' ಅನ್ನುವ ರ‍್ಯಾಂಕಿಂಗ್ ಇದೆ, 2018ರಿಂದ. ಗೆಲುವಿಗೆ ತೂಕ ಬರುವುದು ಯಾರ ಮೇಲೆ, ಎಲ್ಲಿ ಗೆದ್ದಿರಿ ಅನ್ನುವುದರಿಂದ. ನಮ್ಮ ಮನೆ ಅಂಗಳದಲ್ಲಿ ಮೊದಲ 30ರೊಳಗಿನ ತಂಡವನ್ನು ಸೋಲಿಸಿದರೆ ಅದು ಮೊದಲ ದರ್ಜೆಯ ಗೆಲುವು. ಅದೇ ಎದುರಾಳಿಯ ಊರಿಗೆ ಹೋಗಿ ಆಡಿದರೆ 75ನೇ ರ‍್ಯಾಂಕಿನ ತಂಡವನ್ನು ಸೋಲಿಸಿದರೂ ಅದೇ ದರ್ಜೆ. ಹೊರಗೆ ಹೋಗಿ ಗೆಲ್ಲುವುದು ಅಷ್ಟು ಕಷ್ಟ.

ಅದಕ್ಕೆ ನಾನು ಫ್ರಿಜ್ ಮೇಲಿನ ಕ್ಯಾಲೆಂಡರ್‌ನಲ್ಲಿ ಎರಡು ಬಣ್ಣ ಹಾಕುತ್ತೇನೆ. ಹಳದಿ ಅಂದರೆ ದೊಡ್ಡ ಕಾಲೇಜು ಸಣ್ಣ ಕಾಲೇಜಿಗೆ ದುಡ್ಡು ಕೊಟ್ಟು ಕರೆಸಿ ಆಡುವ ಆಟ. ಅವತ್ತು ಬಟ್ಟೆ ಮಡಚುತ್ತಾ ನೋಡಬಹುದು. ಕೆಂಪು ಹಾಕಿದ ದಿನ ಯಾರೂ ನನಗೆ ಫೋನ್ ಮಾಡಬಾರದು. ಹಳದಿ ಹಾಕಿದ ದಿನವೇ ಸೋತರೆ ಏನು ಗತಿ ಅಂತ ಕೇಳಬೇಡಿ, ಅದನ್ನೂ ನೋಡಿದ್ದೇವೆ.

ಇನ್ನೊಂದು ವಿಚಿತ್ರ. ನಮ್ಮ ಲೀಗಿನ ಹೆಸರು ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್. 2024ರಿಂದ ಅದರಲ್ಲಿ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್, ಬರ್ಕ್ಲಿ ಇವೆ, ಟೆಕ್ಸಾಸ್‌ನ ಎಸ್‌ಎಂಯು ಇದೆ. ಅಟ್ಲಾಂಟಿಕ್ ಎಲ್ಲಿ, ಕ್ಯಾಲಿಫೋರ್ನಿಯಾ ಎಲ್ಲಿ! ಎಲ್ಲ ಟಿವಿ ಹಣದ ಮಹಿಮೆ. ಅಲ್ಲಿ ಸಂಜೆ ಶುರುವಾಗುವ ಆಟಕ್ಕೆ ನಾವು ಇಲ್ಲಿ ನಿದ್ದೆಗೆಡಬೇಕು.

ಈಗ ಹೊಸ ನೋಡುಗರಿಗೆ ಸ್ವಲ್ಪ. ಎನ್‌ಬಿಎ, ಅಂದರೆ ಇಲ್ಲಿನ ವೃತ್ತಿಪರ ಲೀಗ್, ನೋಡಿ ಬಂದವರಿಗೆ ಇಲ್ಲಿ ಮೊದಲು ಗೊಂದಲ ಆಗುತ್ತದೆ. ಹುಡುಗರದು 20 ನಿಮಿಷದ ಎರಡು ಭಾಗ. ಹುಡುಗಿಯರದು 10 ನಿಮಿಷದ ನಾಲ್ಕು. ಚೆಂಡು ಕೈಗೆ ಬಂದ ಮೇಲೆ 30 ಸೆಕೆಂಡಿನೊಳಗೆ ಎಸೆಯಬೇಕು, ಎನ್‌ಬಿಎದಲ್ಲಿ 24. ಐದು ಫೌಲ್ ಆದರೆ ಆಟಗಾರ ಹೊರಗೆ, ಅಲ್ಲಿ ಆರು. ಹಾಗಾಗಿ ರಿಂಗಿನ ಹತ್ತಿರ ಆಡುವ ಒಳ್ಳೇ ಸೆಂಟರ್ ಆಟಗಾರನಿಗೆ ಮೊದಲ ಭಾಗದಲ್ಲೇ ಎರಡು ಫೌಲ್ ಬಿತ್ತು ಅಂದರೆ ಎಷ್ಟೋ ಕೋಚ್‌ಗಳು ಅವನನ್ನು ಕೂರಿಸಿಬಿಡುತ್ತಾರೆ. ನಮ್ಮ ಮನೆಯಲ್ಲಿ ಜಗಳ ಶುರುವಾಗುವುದು ಅಲ್ಲಿಂದಲೇ.

2024 ನೆನಪಿದೆಯಾ? ಹಳೇ ನೋಡುಗರಿಗೆ ಇರುತ್ತದೆ. ಲೀಗ್ ಹಂತದ ಕೊನೇ ನಾಲ್ಕು ಆಟ ಸತತ ಸೋಲು. ಕಾನ್ಫರೆನ್ಸ್ ಟೂರ್ನಿಗೆ ಹತ್ತನೇ ತಂಡವಾಗಿ ಹೋದೆವು. ಒಂದು ಸೋತರೂ ಗಂಟು ಕಟ್ಟಬೇಕು. ವಾಷಿಂಗ್ಟನ್‌ನಲ್ಲಿ ಐದು ದಿನಕ್ಕೆ ಐದು ಆಟ. ಲೂಯಿವಿಲ್, ಸಿರಾಕ್ಯೂಸ್, ಡ್ಯೂಕ್. ನಾಲ್ಕನೆಯದು ವರ್ಜೀನಿಯಾ. ಮೂರು ಪಾಯಿಂಟ್ ಹಿಂದೆ, ಗಡಿಯಾರ ಮುಗಿಯುತ್ತಿದೆ. ಮೈಕೆಲ್ ಓಕಾನೆಲ್ ದೂರದಿಂದ ಎಸೆದ ಚೆಂಡು ಹಲಗೆಗೆ ಬಡಿದು, ರಿಂಗಿನ ಮೇಲೆ ಕುಣಿದು ಒಳಗೆ ಬಿತ್ತು. ಸ್ಕೋರ್ ಸಮ. ಓವರ್‌ಟೈಮ್, ಅಂದರೆ ಹೆಚ್ಚುವರಿ ಆಟ, ಅದರಲ್ಲಿ ಗೆಲುವು. ಮಾರನೇ ದಿನ ಫೈನಲ್‌ನಲ್ಲಿ ಯುಎನ್‌ಸಿ ಮೇಲೆ 84-76. 1987ರ ನಂತರ ಮೊದಲ ಸಲ ಆ ಕಪ್. ಅಲ್ಲಿಗೂ ನಿಲ್ಲಲಿಲ್ಲ, ರಾಷ್ಟ್ರೀಯ ಟೂರ್ನಿಯಲ್ಲಿ ಡ್ಯೂಕ್ ಅನ್ನು ಇನ್ನೊಂದು ಸಲ ಸೋಲಿಸಿ ಫೈನಲ್ ಫೋರ್‌ಗೆ, ಅಂದರೆ ಕೊನೇ ನಾಲ್ಕು ತಂಡಗಳ ಹಂತಕ್ಕೆ, ಹೋದರು. ಪರ್ಡ್ಯೂ ಎದುರು ಸೋತೆವು, ಇರಲಿ. ಡಿಜೆ ಬರ್ನ್ಸ್ ಅನ್ನುವ ಆ ದಪ್ಪನೆಯ ಹುಡುಗ ಎದುರಾಳಿಗೆ ಬೆನ್ನು ಕೊಟ್ಟು, ನಿಧಾನಕ್ಕೆ ತಳ್ಳಿಕೊಂಡು ಹೋಗಿ, ಎಡಗೈಯಲ್ಲಿ ಮೆಲ್ಲಗೆ ಚೆಂಡು ಹಾಕುತ್ತಿದ್ದುದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಮುಂದಿನ ಸೀಸನ್‌ನಲ್ಲಿ ಅದೇ ಕಾಲೇಜು 12 ಗೆಲುವು, 19 ಸೋಲು. 18 ತಂಡಗಳಲ್ಲಿ 15ಕ್ಕೆ ಜಾಗ ಇದ್ದ ಕಾನ್ಫರೆನ್ಸ್ ಟೂರ್ನಿಗೇ ಹೋಗಲಿಲ್ಲ. ಕೋಚ್ ಕೂಡ ಬದಲಾದರು. ಅಕ್ಟೋಬರ್‌ನಲ್ಲಿ ಈ ಸಲ ನಮ್ಮದೇ ಅಂತ ಬೀಗುವವರಿಗೆ ನಾನು ಈ ಎರಡು ವರ್ಷಗಳನ್ನು ಒಟ್ಟಿಗೆ ತೋರಿಸುತ್ತೇನೆ. ನೀಲಿಯವರು ಬೀಗಿದರೂ ಅದನ್ನೇ ತೋರಿಸುತ್ತೇನೆ, ನಿಮಗೂ ಹೀಗಾಗಲಿ ಅಂತ.

ಇದು ರೆನಾಲ್ಡ್ಸ್ ಕೊಲಿಸಿಯಂ, ಕ್ಯಾಂಪಸ್ ಒಳಗೆ. 1949ರಲ್ಲಿ ತೆರೆದದ್ದು. ಹುಡುಗರು 1999ರವರೆಗೆ ಇಲ್ಲೇ ಆಡುತ್ತಿದ್ದರು, ಈಗ ಹುಡುಗಿಯರ ತಂಡದ ಅಂಗಳ. ಅವರೂ 2024ರಲ್ಲಿ ಫೈನಲ್ ಫೋರ್‌ಗೆ ಹೋಗಿದ್ದರು, ಅದೇ ವರ್ಷ! ಮೊದಲ ಸಲ ಆಟ ನೋಡಲು ಬರುವವರಿಗೆ ನಾನು ಹೇಳುವುದು ಇದನ್ನೇ. ಟಿಕೆಟ್ ಅಗ್ಗ, ಜಾಗ ಚಿಕ್ಕದು, ಕೋಚ್ ಬೈಯುವುದೂ ಕೇಳಿಸುತ್ತದೆ.

ಗೆದ್ದ ತಂಡ ಏಣಿ ಹತ್ತಿ ಬಲೆ ಕತ್ತರಿಸುವುದನ್ನು ಟಿವಿಯಲ್ಲಿ ನೋಡಿರುತ್ತೀರಲ್ಲ? ಆ ರೂಢಿಯನ್ನು ಕಾಲೇಜ್ ಆಟಕ್ಕೆ ತಂದವರು ಇಲ್ಲಿನ ಕೋಚ್ ಎವೆರೆಟ್ ಕೇಸ್ ಅಂತ ಹೇಳುತ್ತಾರೆ, 1947ರಲ್ಲಿ. ಅವರು ಇಂಡಿಯಾನಾದಿಂದ ಬಂದವರು, ಅಲ್ಲಿನ ಹೈಸ್ಕೂಲ್ ತಂಡಗಳು ಹಾಗೆ ಮಾಡುತ್ತಿದ್ದವಂತೆ. ಇನ್ನು ಡೇವಿಡ್ ಥಾಂಪ್ಸನ್. 1974ರ ಗೆಲುವಿನ ಹೀರೋ. ಸತತ ಏಳು ವರ್ಷ ದೇಶಕ್ಕೇ ಮೊದಲು ಬಂದಿದ್ದ ಕ್ಯಾಲಿಫೋರ್ನಿಯಾದ ಯುಸಿಎಲ್‌ಎಯನ್ನು ಸೆಮಿಫೈನಲ್‌ನಲ್ಲಿ ಎರಡು ಓವರ್‌ಟೈಮ್ ಆಡಿ ಸೋಲಿಸಿದ ತಂಡ ಅದು. ಆತ ಗಾಳಿಯಲ್ಲಿ ಹಾರಿ, ರಿಂಗಿಗಿಂತ ಮೇಲೆ ಚೆಂಡು ಹಿಡಿಯುತ್ತಿದ್ದ. ಆದರೆ ಆಗ ಕಾಲೇಜ್ ಆಟದಲ್ಲಿ ಡಂಕ್, ಅಂದರೆ ಹಾರಿ ಮೇಲಿಂದ ಚೆಂಡನ್ನು ರಿಂಗಿನೊಳಗೆ ತುರುಕುವುದು, ನಿಷೇಧ, 1967ರಿಂದ 1976ರವರೆಗೆ. ಅಷ್ಟು ಎತ್ತರ ಹಾರಿಯೂ ಚೆಂಡನ್ನು ಮೆಲ್ಲಗೆ ಒಳಗೆ ಬಿಡಬೇಕಿತ್ತು! ನನಗೆ ಆ ಹಳೇ ಕ್ಲಿಪ್‌ಗಳು ಈಗಿನ ಡಂಕ್‌ಗಳಿಗಿಂತ ಇಷ್ಟ. ಅದಕ್ಕೆ ತಕ್ಕ ಹಾಗೆ 1983ರ ಫೈನಲ್ ಮುಗಿದದ್ದು ಡಂಕ್‌ನಿಂದಲೇ. ನಮ್ಮ ತಂಡದ ವಿಟನ್‌ಬರ್ಗ್ ಎಸೆದದ್ದು ರಿಂಗ್‌ಗೂ ಮುಟ್ಟಲಿಲ್ಲ, ಕೆಳಗಿದ್ದ ಲೊರೆಂಜೊ ಚಾರ್ಲ್ಸ್ ಹಿಡಿದು ಒಳಗೆ ತುರುಕಿದ. ಹ್ಯೂಸ್ಟನ್ ಮೇಲೆ 54-52. ಕೋಚ್ ಜಿಮ್ ವಾಲ್ವಾನೊ ಯಾರನ್ನು ತಬ್ಬಿಕೊಳ್ಳಲಿ ಅಂತ ಅಂಗಳದ ತುಂಬಾ ಓಡಿದರು.

ಲೆನೊವೊ ಸೆಂಟರ್‌ಗೆ ಬರುವವರಿಗೆ ಒಂದು ಮಾತು. ಸ್ವೆಟರ್ ತನ್ನಿ. ಅದೇ ಕಟ್ಟಡದಲ್ಲಿ ಐಸ್ ಹಾಕಿ ತಂಡವೂ ಆಡುತ್ತದೆ. ಬಾಸ್ಕೆಟ್‌ಬಾಲ್ ದಿನ ಮಂಜುಗಡ್ಡೆಯ ಮೇಲೆ ಹೊದಿಕೆ ಹಾಕಿ, ಅದರ ಮೇಲೆ ಮರದ ನೆಲ ಜೋಡಿಸುತ್ತಾರೆ. ಕೆಳಗಿನ ಸೀಟಿನಲ್ಲಿ ಕೂತರೆ ಪಾದಕ್ಕೆ ಚಳಿ ಗೊತ್ತಾಗುತ್ತದೆ. ಮತ್ತೆ ಈ ಕೈ ಸನ್ನೆ ಕಲಿತುಕೊಳ್ಳಿ. ತೋರುಬೆರಳು, ಕಿರುಬೆರಳು ಮೇಲೆ, ಅವು ತೋಳದ ಕಿವಿ. ಉಳಿದ ಎರಡು ಬೆರಳು, ಹೆಬ್ಬೆರಳು ಸೇರಿಸಿ ಬಾಯಿ ಮಾಡಿ, ತೆರೆದು ಮುಚ್ಚಿ. ನಮ್ಮದು ತೋಳಗಳ ಹಿಂಡು. ಫ್ರೀ ಥ್ರೋ, ಅಂದರೆ ಎದುರಾಳಿ ಫೌಲ್ ಮಾಡಿದಾಗ ಸಿಗುವ ಅಡ್ಡಿಯಿಲ್ಲದ ಎಸೆತ, ಬಿದ್ದಾಗ ನಮ್ಮ ಸಾಲಿನವರೆಲ್ಲ ಹೀಗೇ.

ಊರಿನಲ್ಲಿರುವವರಿಗೆ ಸಮಯ ಹೇಳಿಬಿಡುತ್ತೇನೆ. ನವೆಂಬರ್ ಮೊದಲ ಭಾನುವಾರ ಇಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಆಮೇಲೆ ನಮ್ಮ ಸಂಜೆ ಏಳು ಅಂದರೆ ನಿಮಗೆ ಮಾರನೇ ದಿನ ಬೆಳಿಗ್ಗೆ ಐದೂವರೆ. ಅಪ್ಪ ಫಿಲ್ಟರ್‌ಗೆ ಡಿಕಾಕ್ಷನ್ ಹಾಕಿ ಕೂರುವ ಹೊತ್ತು. ಅವರಿಗೆ ನಾನು ವಾಟ್ಸಾಪ್‌ನಲ್ಲಿ ಸ್ಕೋರ್ ಕಳಿಸುತ್ತೇನೆ. ಅವರ ಉತ್ತರ ಯಾವಾಗಲೂ ಒಂದೇ. "ಫ್ರೀ ಥ್ರೋ ಎಷ್ಟು ಬಿಟ್ಟರು?"

ಮೊದಲ ಆಟದ ದಿನ ಟಿಕೆಟ್ ಸಿಗದವರೆಲ್ಲ ನಮ್ಮನೆಗೆ ಬರುತ್ತಿದ್ದೀರಿ. ಚಿತ್ರಾನ್ನ, ಖಾರಾಬೂಂದಿ, ಮಕ್ಕಳಿಗೆ ಪಿಜ್ಜಾ. ಅತ್ತೆ ಊರಿಂದ ಬಂದಿದ್ದಾರೆ, ಕೋಡುಬಳೆ ಅವರದ್ದು. ಏಳಕ್ಕೆ ಆಟ, ಆರೂವರೆಗೆ ಬನ್ನಿ. ಚಪ್ಪಲಿ ಗ್ಯಾರೇಜಿನಲ್ಲಿ ಬಿಡಿ. ಮಗಳು ಬಾಗಿಲಲ್ಲೇ ನೋಟ್‌ಬುಕ್ ಹಿಡಿದು ನಿಂತಿರುತ್ತಾಳೆ, ಈ ವರ್ಷದ ಐದು ಆಟಗಾರರ ಹೆಸರು ಹೇಳಿದರೆ ಮಾತ್ರ ಒಳಗೆ ಬಿಡುವುದಂತೆ. ನೀಲಿ ಶರ್ಟ್ ಹಾಕಿಕೊಂಡು ಬಂದವರು ಹತ್ತು ಹೆಸರು ಹೇಳಬೇಕು. ಕೋಡುಬಳೆ ಆಮೇಲೂ ಸಿಗುತ್ತೆ ಅಂತ ಗ್ಯಾರಂಟಿ ಇಲ್ಲ.