ಮೈ ಸೊರಗಿದಾಗ ಬೆಳೆಯುವ ಕೊಬ್ಬು: ಮೂಳೆಮಜ್ಜೆಯೊಳಗೆ ಏನಾಗುತ್ತೆ?

[ದೃಶ್ಯ: ಉದ್ದಕ್ಕೆ ಸೀಳಿದ ತೊಡೆಮೂಳೆ]

ಮೇಲ್ತುದಿಯಲ್ಲಿ ಕೆಂಪು, ನಡುವಿನ ಕೊಳವೆಯುದ್ದಕ್ಕೂ ಬೆಣ್ಣೆಯಂಥ ಹಳದಿ. ಆ ಹಳದಿಯೇ ಕೊಬ್ಬು. ಹುಟ್ಟಿದಾಗ ಮಜ್ಜೆಯೆಲ್ಲ ಹೆಚ್ಚುಕಮ್ಮಿ ಕೆಂಪೇ. ಆಮೇಲೆ ಕೈಕಾಲು ಬೆರಳುಗಳಿಂದ ಶುರುವಾಗಿ ಮುಂಡದ ಕಡೆಗೆ ಹಳದಿ ಏರುತ್ತಾ ಬರುತ್ತೆ. ಸುಮಾರು 25ನೇ ವಯಸ್ಸಿನ ಹೊತ್ತಿಗೆ ಒಂದು ನೆಲೆಗೆ ನಿಲ್ಲುತ್ತೆ. ಹಾಗಾಗಿ ಮಜ್ಜೆಯಲ್ಲಿ ಕೊಬ್ಬಿದೆ ಅನ್ನೋದೇ ಕಾಯಿಲೆಯಲ್ಲ.

ಆದರೆ ಹೊಟ್ಟೆಯ ಕೊಬ್ಬಿನ ಲೆಕ್ಕ ಇಲ್ಲಿ ನಡೆಯಲ್ಲ. ಅನೊರೆಕ್ಸಿಯಾ ನರ್ವೋಸಾ (ದಪ್ಪಗಾಗುವ ಭಯದಿಂದ ಊಟ ಬಿಟ್ಟು ತೀರಾ ಸೊರಗುವ ಕಾಯಿಲೆ) ಇರುವವರಲ್ಲಿ ಚರ್ಮದಡಿಯ ಕೊಬ್ಬು ಕರಗಿಹೋಗಿರುತ್ತೆ, ಮಜ್ಜೆಯಲ್ಲಿ ಮಾತ್ರ ಹೆಚ್ಚಿರುತ್ತೆ, ಮೂಳೆ ತೆಳುವಾಗಿರುತ್ತೆ.

[ದೃಶ್ಯ: ಒಂದು ಕೋಶ, ಎರಡು ದಾರಿ]

ಮೂಳೆ ಕಟ್ಟುವ ಆಸ್ಟಿಯೋಬ್ಲಾಸ್ಟ್, ಮಜ್ಜೆಯ ಕೊಬ್ಬಿನ ಕೋಶ, ಎರಡಕ್ಕೂ ತಾಯಿಬೇರು ಒಂದೇ ಸ್ಟೆಮ್ ಸೆಲ್, ಅಂದರೆ ಬೇರೆ ಬೇರೆ ಬಗೆಯ ಕೋಶವಾಗಬಲ್ಲ ಮೂಲಕೋಶ. ಅದರೊಳಗೆ ಸ್ವಿಚ್ಚಿನಂಥ ಎರಡು ಪ್ರೋಟೀನುಗಳಿವೆ: ಮೂಳೆ ಕಡೆಗೆ ತಿರುಗಿಸೋದು ರನ್‌ಎಕ್ಸ್2, ಕೊಬ್ಬಿನ ಕಡೆಗೆ ಪಿಪಿಎಆರ್-ಗಾಮಾ. ಸಕ್ಕರೆ ಕಾಯಿಲೆಗೆ ಕೊಡುವ ಪಯೋಗ್ಲಿಟಜೋನ್ ಒತ್ತೋದು ಈ ಎರಡನೇ ಸ್ವಿಚ್ಚನ್ನೇ: ಸಕ್ಕರೆ ಹತೋಟಿಗೆ ಬರುತ್ತೆ, ಹೆಂಗಸರಲ್ಲಿ ಮೂಳೆ ಮುರಿತದ ಅಪಾಯ ಏರುತ್ತೆ. (ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ, ವೈದ್ಯರನ್ನು ಕೇಳಿ.) ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಇಳಿದಾಗ, ಸ್ಟಿರಾಯ್ಡ್ ತುಂಬ ದಿನ ತಗೊಂಡಾಗ, ಹಾಸಿಗೆ ಹಿಡಿದಾಗಲೂ ತಕ್ಕಡಿ ವಾಲೋದು ಕೊಬ್ಬಿನ ಕಡೆಗೇ.

[ದೃಶ್ಯ: ಬೆನ್ನುಮೂಳೆಯ ಎಂಆರ್‌ಐ, ಒಂದು ಕಶೇರುಕದ ಮೇಲೆ ಚೌಕ]

ಅಳೆಯೋದು ಹೇಗೆ? ಎಂಆರ್ ಸ್ಪೆಕ್ಟ್ರೋಸ್ಕೋಪಿಯಲ್ಲಿ (ನೀರು, ಕೊಬ್ಬಿನ ಸಂಕೇತಗಳನ್ನು ಬೇರೆಬೇರೆಯಾಗಿ ತೋರಿಸುವ ಎಂಆರ್‌ಐ ವಿಧಾನ) ಸೊಂಟದ ಕಶೇರುಕದೊಳಗೆ ಒಂದು ಪುಟ್ಟ ಪೆಟ್ಟಿಗೆ ಗುರುತಿಸ್ತಾರೆ. ಬರುವ ಗೆರೆಚಿತ್ರದಲ್ಲಿ ನೀರಿನ ಶಿಖರ 4.7 ಪಿಪಿಎಂ (ಸಂಕೇತದ ಜಾಗ ಹೇಳುವ ಅಳತೆ) ಹತ್ತಿರ, ಕೊಬ್ಬಿನ ದೊಡ್ಡ ಶಿಖರ 1.3ರ ಹತ್ತಿರ. ಕೊಬ್ಬನ್ನು ಎರಡರ ಮೊತ್ತದಿಂದ ಭಾಗಿಸಿದರೆ ಕೊಬ್ಬಿನ ಪಾಲು ಸಿಗುತ್ತೆ. ಎಡವೋದು ಪೆಟ್ಟಿಗೆ ಇಡುವಲ್ಲಿ. ಅಂಚು ಡಿಸ್ಕಿಗೋ ಕಶೇರುಕದ ಹಿಂಬದಿಯ ರಕ್ತನಾಳಕ್ಕೋ ತಾಗಿದರೆ ನೀರು ಹೆಚ್ಚು ತೋರಿಸುತ್ತೆ. ಕೊಬ್ಬು ತುಂಬಿದ ಹೆಮಾಂಜಿಯೋಮಾ (ರಕ್ತನಾಳಗಳ ಗಂಟು) ಒಳಗೆ ಬಂದರೆ ಕೊಬ್ಬು ಉಬ್ಬುತ್ತೆ. ಸೊಂಟದ ಮೊದಲ ಕಶೇರುಕ ಎಲ್1ರಿಂದ ನಾಲ್ಕನೆಯದಾದ ಎಲ್4ಕ್ಕೆ ಇಳಿದ ಹಾಗೆ ಕೊಬ್ಬು ಏರೋದರಿಂದ, ಮುಂದಿನ ಸಲವೂ ಅದೇ ಕಶೇರುಕವನ್ನೇ ಅಳೀಬೇಕು. ದಿನನಿತ್ಯದ ಚಿಕಿತ್ಸೆಯಲ್ಲಿ ಇದನ್ನು ಯಾರೂ ಬರೆದುಕೊಡಲ್ಲ, ಬಳಕೆ ಹೆಚ್ಚಾಗಿ ಸಂಶೋಧನೆಯಲ್ಲೇ.

ಬರೆದುಕೊಡೋದು ಡೆಕ್ಸಾ, ಅಂದರೆ ಮೂಳೆಯ ಸಾಂದ್ರತೆ ಅಳೆಯುವ ಎಕ್ಸ್-ರೇ ಸ್ಕ್ಯಾನ್. ಅದು ನೋಡೋದು ಖನಿಜವನ್ನ, ಮಜ್ಜೆಯ ಕೊಬ್ಬನ್ನಲ್ಲ. ಟೈಪ್ 2 ಸಕ್ಕರೆ ಕಾಯಿಲೆಯವರಲ್ಲಿ ಡೆಕ್ಸಾ ಅಂಕಿ ಚೆನ್ನಾಗೇ ಇರುತ್ತೆ, ಆದರೂ ಮೂಳೆ ಮುರಿಯುತ್ತೆ. ಮುರಿತದ ಅಪಾಯ ಲೆಕ್ಕ ಹಾಕುವ ಫ್ರಾಕ್ಸ್‌ನ ಮೂಲ ಪಟ್ಟಿಯಲ್ಲೂ ಟೈಪ್ 2ಕ್ಕೆ ಪ್ರತ್ಯೇಕ ಕಾಲಂ ಇಲ್ಲ. ಅದಕ್ಕೇ ಕೆಲವು ವೈದ್ಯರು ಟೈಪ್ 2ರ ಅಪಾಯಕ್ಕೆ ಬದಲಿಯಾಗಿ, ಬೇಕಂತಲೇ ರುಮಟಾಯ್ಡ್ ಆರ್ಥ್ರೈಟಿಸ್ (ಕೀಲುಗಳ ಉರಿಯೂತದ ಕಾಯಿಲೆ) ಕಾಲಂಗೆ ಟಿಕ್ ಹಾಕಿ ಲೆಕ್ಕ ತೆಗೀತಾರೆ.